ಎರಕದ ಫಲಕ, ಎರಕದ ಮನಸ್ಸು

ಆಂಗ್ಲಭಾಷೆಯಲ್ಲಿ ‘ಸ್ಟೀರಿಯೋಟೈಪ್’ ಎಂಬೊಂದು ಶಬ್ದವುಂಟು. ಒಂದು ಜನಾಂಗವನ್ನು ವಿಚಾರಿಸಿ ನೋಡದೆ, ‘ಅವರು ಇಂಥವರೇ’ ಎಂದು ಮೊದಲೇ ಮಾಡಿಕೊಂಡಿರುವ ತೀರ್ಮಾನಕ್ಕೆ ಈಗ ಅದು ಹೆಸರು. ಆದರೆ ಈ ಶಬ್ದವು ಹುಟ್ಟಿದುದು ಅಚ್ಚುಕೂಟದಲ್ಲಿ. ಅದೂ ತಪ್ಪನ್ನು ತಡೆಯುವ ಉದ್ಯಮದಲ್ಲಿ ಎಂಬುದನ್ನು ವಾಚಕರು ಲಕ್ಷಿಸಬೇಕು.

ಗ್ರೀಕಿನಲ್ಲಿ ‘ಸ್ಟೆರಿಯೋಸ್’ ಎಂದರೆ ಗಟ್ಟಿ. ‘ಟೂಪೋಸ್’ ಎಂದರೆ ಅಚ್ಚು. ಇವೆರಡನ್ನೂ ಕೂಡಿಸಿ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈ ಶಬ್ದವನ್ನು ಬಳಕೆಗೆ ತಂದ ಕೀರ್ತಿಯು ಪ್ಯಾರಿಸ್ ನಗರದ ಮುದ್ರಕನಾದ ಫರ್ಮೀನ್ ದಿದೋ ಎಂಬಾತನಿಗೆ ಸಲ್ಲುತ್ತದೆ. 1795ರಲ್ಲಿ ಅವನು ಗಣಿತಜ್ಞ ಫ್ರಾನ್ಸ್ವಾ ಕಾಲೆಯ ಲಾಗರಿದಮ್ ಕೋಷ್ಟಕಗಳನ್ನು ಈ ಕ್ರಮದಲ್ಲಿ ಅಚ್ಚುಹಾಕಿದನು. ಬಿಡಿಮೊಳೆಯೊಂದು ಸಡಿಲಿ ಅಂಕಿಯು ಪಲ್ಲಟವಾದರೆ ಅಂಥ ಗ್ರಂಥವನ್ನು ನಂಬುವಂತಿಲ್ಲ. ಆದುದರಿಂದ ಮೊಳೆಗಳು ಕದಲದಂತೆ ಪುಟವನ್ನೇ ಬೆಸೆದು ಗಟ್ಟಿಮಾಡಿದನು. ಮುಂದೆ, ಜೋಡಿಸಿದ ಪುಟದಿಂದ ಪಡಿಯಚ್ಚನ್ನು ತೆಗೆದು, ಅದರಲ್ಲಿ ಕರಗಿದ ಸೀಸವನ್ನು ಹೊಯ್ದು, ಇಡೀ ಪುಟವನ್ನು ಒಂದೇ ಫಲಕವಾಗಿ ಎರಕಮಾಡುವ ಪದ್ಧತಿಯು ಬಲಿಯಿತು. ಮರುಮುದ್ರಣಕ್ಕೆ ಪುನಃ ಮೊಳೆ ಜೋಡಿಸುವ ಶ್ರಮವು ತಪ್ಪಿತು. ಫ್ರೆಂಚರು ಇಂಥ ಫಲಕವನ್ನು ‘ಕ್ಲೀಷೆ’ ಎಂದರು. ಹೇಳಿ ಹೇಳಿ ಸವೆದ ಮಾತಿಗೆ ಹೆಸರಾದ ಶಬ್ದವೂ ಅದೇ.

ಉಪಕಾರವಿದ್ದಲ್ಲಿ ಅಪಾಯವೂ ಉಂಟು. ಸರಿಯನ್ನು ಸಾವಿರ ಸಲ ಒತ್ತುವ ಫಲಕವು ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಒತ್ತುವುದು. 1922ರಲ್ಲಿ ಅಮೆರಿಕದ ಪತ್ರಿಕಾಕರ್ತ ವಾಲ್ಟರ್ ಲಿಪ್‌ಮನ್ ತನ್ನ ‘ಪಬ್ಲಿಕ್ ಒಪಿನಿಯನ್’ ಗ್ರಂಥದಲ್ಲಿ, ನೋಡುವ ಮೊದಲೇ ಮನಸ್ಸಿನಲ್ಲಿ ಅಚ್ಚಾಗಿರುವ ಚಿತ್ರಗಳನ್ನು ಈ ಹೆಸರಿನಿಂದ ಕರೆದನು. ಶಬ್ದದ ಈಗಿನ ಅರ್ಥವು ನೆಲೆಗೊಂಡುದು ಹೀಗೆ.

ಆ ಅರ್ಥವು ಬರುವುದಕ್ಕೆ ಮೊದಲೇ ಅದರ ಕಹಿಯನ್ನು ನಮ್ಮ ದೇಶವು ಉಂಡಿತ್ತು. 1871ರಲ್ಲಿ ಆಂಗ್ಲ ಸರ್ಕಾರವು ಮಾಡಿದ ‘ಅಪರಾಧಿ ಬುಡಕಟ್ಟುಗಳ ಕಾನೂನು’ ಮನುಷ್ಯನ ನಡತೆಯನ್ನು ನೋಡದೆ, ಅವನ ಕುಲವನ್ನು ನೋಡಿ ಅಪರಾಧವನ್ನು ಹೊರಿಸಿತು. 1952ರಲ್ಲಿ ಅದು ರದ್ದಾಯಿತು. ಕಾನೂನಿನ ಪುಸ್ತಕದಿಂದ ಹೋದ ಆ ಅಚ್ಚು ಜನಮನದಿಂದ ಇನ್ನೂ ಪೂರ್ಣವಾಗಿ ಅಳಿದಿಲ್ಲ.

ಎರಕದ ಫಲಕದಲ್ಲಿ ತಪ್ಪು ಕಂಡಾಗ ಮುದ್ರಕರು ಅಷ್ಟು ಭಾಗವನ್ನು ಕೊರೆದು ತೆಗೆದು, ಸರಿಯಾದ ಮೊಳೆಯನ್ನು ಬೆಸೆಯುತ್ತಿದ್ದರು. ಅದು ಕಷ್ಟದ ಕೆಲಸ, ಆದರೆ ಅಸಾಧ್ಯವಲ್ಲ. ಒಬ್ಬನ ಕುಲವನ್ನು ಕೇಳಿ ಗುಣವನ್ನು ನಿರ್ಣಯಿಸಹೊರಡುವ ಅಧಿಕಾರಿಯೂ ನಾಗರಿಕನೂ ಲೇಖನಿಯನ್ನೆತ್ತುವ ಮುನ್ನ ತಮ್ಮ ಮನಸ್ಸಿನ ಫಲಕವನ್ನು ಒಮ್ಮೆ ಪರೀಕ್ಷಿಸಲಿ. ಸೀಸಕ್ಕೆ ಸಾಧ್ಯವಾದ ತಿದ್ದುಪಡಿಯು ಮನುಷ್ಯನಿಗೆ ಸಾಧ್ಯವಾಗದಿರಬಾರದು.