ಬಾಗಿಲು ಮುಚ್ಚಿದ ದಿನಗಳು: ಜನರ ಸಿಟ್ಟು ಕಲಿಸಿದ ಪಾಠ

ಕಾಯವನ್ನು ಕಡೆಗಣಿಸಿ ಆತ್ಮದ ಉನ್ನತಿಯನ್ನಷ್ಟೇ ಬೋಧಿಸಿದ ಪರಂಪರೆ ನಮ್ಮದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರಂತೆ ಚಿಕಿತ್ಸೆಯನ್ನೇ ಕಾಯಕವನ್ನಾಗಿ ಮಾಡಿಕೊಂಡವರಿದ್ದರು. ಅನುಭವ ಮಂಟಪದಲ್ಲಿ ಪ್ರಶ್ನೆ ಕೇಳುವುದು ಯಾರಿಗೂ ನಿಷಿದ್ಧವಾಗಿರಲಿಲ್ಲ. ಉತ್ತರಿಸುವುದು ಹಿರಿಯರ ಹೊಣೆಯಾಗಿತ್ತು. ಕೊರೊನಾ ಕಾಲದಲ್ಲಿ ಜನರ ಮನಸ್ಸಿನಲ್ಲಿ ಎದ್ದ ಸಿಟ್ಟು, ಸಂಶಯ, ನೋವುಗಳನ್ನು ಇಂದು ಶಾಂತಚಿತ್ತದಿಂದ ಪರಿಶೀಲಿಸುವಾಗ ಈ ಎರಡು ಸಂಗತಿಗಳನ್ನು ನೆನಪಿನಲ್ಲಿಡುವುದು ಯುಕ್ತ. ಆ ಸಿಟ್ಟು ಪೂರ್ತಿ ಅಡಗಿಲ್ಲ. ಅದು ಇಂದಿಗೂ ಲಸಿಕೆಯ ಮೇಲಿನ ಅಪನಂಬಿಕೆಯಾಗಿ, ಆಸ್ಪತ್ರೆಯ ಮೇಲಿನ ಅಸಡ್ಡೆಯಾಗಿ ನಮ್ಮ ಮನೆಗಳಲ್ಲಿ ಉಳಿದಿದೆ. ಅದರಲ್ಲಿ ನ್ಯಾಯವಾದದ್ದು ಯಾವುದು, ದಾರಿ ತಪ್ಪಿದ್ದು ಯಾವುದು ಎಂದು ಬೇರ್ಪಡಿಸಿ ನೋಡದಿದ್ದರೆ ಮುಂದಿನ ಪೀಳಿಗೆಯ ಆರೋಗ್ಯಕ್ಕೆ ಧಕ್ಕೆ ತಪ್ಪದು.

ಮನೆಯೇ ಸೆರೆಮನೆಯಾದಾಗ

ಭಾರತದಲ್ಲಿ ಕೋವಿಡ್‌ನಿಂದ ಸಂಭವಿಸಿದ ಮೊದಲ ಮರಣ ನಮ್ಮ ಕಲಬುರಗಿಯ 76 ವರ್ಷದ ಹಿರಿಯರದು. 2020ರ ಮಾರ್ಚ್ 10ರಂದು ಅವರು ತೀರಿಕೊಂಡರು. ಎರಡೇ ವಾರಗಳಲ್ಲಿ, ಮಾರ್ಚ್ 24ರ ರಾತ್ರಿ, ಮರುದಿನದಿಂದ ದೇಶವೇ 21 ದಿನ ಬಾಗಿಲು ಮುಚ್ಚಬೇಕೆಂಬ ಘೋಷಣೆ ಹೊರಬಿತ್ತು. ಸಿದ್ಧತೆಗೆ ಜನರಿಗೆ ದೊರೆತದ್ದು ನಾಲ್ಕು ಗಂಟೆಗಳ ಅವಕಾಶ ಮಾತ್ರ.

ರೋಗದ ಸ್ವರೂಪವೇ ತಿಳಿಯದ ಆ ದಿನಗಳಲ್ಲಿ ಜನಸಂಪರ್ಕವನ್ನು ತಡೆಯುವುದು ಅಗತ್ಯವಾಗಿತ್ತು. ಆಸ್ಪತ್ರೆಗಳಿಗೆ ಹಾಸಿಗೆ, ರಕ್ಷಾಕವಚ, ಪರೀಕ್ಷಾ ಸಾಮಗ್ರಿಗಳನ್ನು ಹೊಂದಿಸಿಕೊಳ್ಳಲು ಕಾಲಾವಕಾಶ ಬೇಕಿತ್ತು. ಈ ಉದ್ದೇಶವನ್ನು ಅಲ್ಲಗಳೆಯುವಂತಿಲ್ಲ. ಆದರೆ ಬಾಗಿಲು ಮುಚ್ಚುವ ಭಾರ ಎಲ್ಲರ ಹೆಗಲ ಮೇಲೆ ಸಮನಾಗಿ ಬೀಳಲಿಲ್ಲ. ತಿಂಗಳ ಸಂಬಳ ಬರುವವರಿಗೆ ಅದು ಬೇಸರದ ಕಾಲವಾಗಿತ್ತು; ದಿನಗೂಲಿಯವರಿಗೆ ಒಲೆ ಆರಿದ ಕಾಲವಾಗಿತ್ತು. ಹೂವು, ಟೊಮೆಟೊ, ದ್ರಾಕ್ಷಿ ಬೆಳೆದವರು ಫಸಲನ್ನು ಹೊಲದಲ್ಲಿಯೇ ಬಿಟ್ಟರು. 2020ರ ಮೇ ಮೊದಲ ವಾರದಲ್ಲಿ ವಲಸೆ ಕಾರ್ಮಿಕರಿಗಾಗಿ ಹೊರಡಬೇಕಿದ್ದ ವಿಶೇಷ ರೈಲುಗಳನ್ನು ರಾಜ್ಯ ಸರ್ಕಾರ ರದ್ದುಪಡಿಸಿತು. ಎಲ್ಲೆಡೆಯಿಂದ ಟೀಕೆ ಬಂದ ಮೇಲೆ ನಿರ್ಧಾರವನ್ನು ಬದಲಿಸಿತು. ಊರಿಗೆ ಹೋಗುವ ಹಂಬಲದಿಂದ ಕಾದು ಕುಳಿತವರಿಗೆ ಆ ಕೆಲವು ದಿನಗಳೂ ದೀರ್ಘವಾಗಿದ್ದವು.

2020ರ ಏಪ್ರಿಲ್ 26ರ ಬಸವ ಜಯಂತಿಯೂ, 2021ರ ಮೇ 14ರ ಬಸವ ಜಯಂತಿಯೂ ನಿರ್ಬಂಧದ ನಡುವೆಯೇ ಕಳೆದುಹೋದವು. ಜಾತ್ರೆಗಳು ನಿಂತವು, ತೇರುಗಳು ಕದಲಲಿಲ್ಲ. ಭಕ್ತರು ಇದನ್ನು ಸಹಿಸಿಕೊಂಡರು. ಸಹಿಸಲು ಕಷ್ಟವಾದದ್ದು ಅಂತ್ಯಸಂಸ್ಕಾರದ ವಿಷಯ. ವಿಭೂತಿ ಧರಿಸಿ, ಕೈಯಲ್ಲಿ ಇಷ್ಟಲಿಂಗವಿರಿಸಿ, ಬಿಲ್ವಪತ್ರೆಯೊಂದಿಗೆ ಕ್ರಿಯಾಸಮಾಧಿ ಮಾಡುವ ಸಂಪ್ರದಾಯದವರಿಗೆ, ಮುಚ್ಚಿದ ಚೀಲದಲ್ಲಿ ಹೆತ್ತವರನ್ನು ದೂರದಿಂದ ಬೀಳ್ಕೊಡುವುದು ಎಂಥ ಸಂಕಟವೆಂದು ವಿವರಿಸಬೇಕಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಇಷ್ಟು ಕಠೋರವಾಗಿರಲಿಲ್ಲ. ಚೀಲದ ಮೇಲ್ಭಾಗ ತೆರೆದು ಕೊನೆಯ ಬಾರಿ ಮುಖ ನೋಡಲು, ದೇಹವನ್ನು ಮುಟ್ಟದೆ ಧರ್ಮಗ್ರಂಥ ಪಠಿಸಲು, ತೀರ್ಥ ಪ್ರೋಕ್ಷಿಸಲು ಅದರಲ್ಲಿ ಅವಕಾಶವಿತ್ತು. ಸ್ನಾನ ಮಾಡಿಸುವುದು, ಅಪ್ಪಿಕೊಳ್ಳುವುದು ಮಾತ್ರ ಕೂಡದೆಂದು ಹೇಳಿತ್ತು. ಅನೇಕ ಕಡೆ ಭಯವೂ ಅಜ್ಞಾನವೂ ಸೇರಿ ನಿಯಮಕ್ಕಿಂತ ಹೆಚ್ಚಿನ ಕ್ರೌರ್ಯ ನಡೆದುಹೋಯಿತು. ಬಳ್ಳಾರಿಯಲ್ಲಿ ಮೃತದೇಹಗಳನ್ನು ಗುಂಡಿಗೆ ಎಸೆದ ದೃಶ್ಯ 2020ರ ಜೂನ್ ಕೊನೆಯಲ್ಲಿ ನಾಡನ್ನೇ ತಲ್ಲಣಗೊಳಿಸಿತು. ಜಿಲ್ಲಾಡಳಿತ ಕ್ಷಮೆ ಯಾಚಿಸಬೇಕಾಯಿತು. ನಿಯಮವನ್ನು ಜಾರಿಗೊಳಿಸುವವರು ಅದನ್ನು ಓದಿ ತಿಳಿದಿದ್ದರೆ ಎಷ್ಟೋ ಕುಟುಂಬಗಳ ಗಾಯ ಇಷ್ಟು ಆಳವಾಗುತ್ತಿರಲಿಲ್ಲ.

ಉಸಿರಿಗೆ ಬಂದ ಬರ

ಎರಡನೆಯ ಅಲೆಯಲ್ಲಿ ಜನರ ಸಿಟ್ಟು ಆರೋಗ್ಯ ವ್ಯವಸ್ಥೆಯ ಕಡೆಗೆ ತಿರುಗಿತು. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಸಾವಿಗೀಡಾದರು. ಆಮ್ಲಜನಕದ ಕೊರತೆಯ ಆ ರಾತ್ರಿಯನ್ನು ಕನ್ನಡಿಗರು ಮರೆತಿಲ್ಲ. ಎರಡು ದಿನಗಳ ಬಳಿಕ ಕರ್ನಾಟಕ ಹೈಕೋರ್ಟ್, ರಾಜ್ಯಕ್ಕೆ ನೀಡುವ ದ್ರವ ಆಮ್ಲಜನಕದ ಪ್ರಮಾಣವನ್ನು ದಿನಕ್ಕೆ 1,200 ಟನ್‌ಗೆ ಏರಿಸಬೇಕೆಂದು ಕೇಂದ್ರಕ್ಕೆ ಸೂಚಿಸಿತು. ಸುಪ್ರೀಂ ಕೋರ್ಟ್ ಆ ಆದೇಶದಲ್ಲಿ ಹಸ್ತಕ್ಷೇಪ ಮಾಡಲಿಲ್ಲ. ತೋರಣಗಲ್ಲಿನಂಥ ಉಕ್ಕಿನ ನೆಲೆಯಲ್ಲಿ ಆಮ್ಲಜನಕ ತಯಾರಾಗುತ್ತಿದ್ದ ರಾಜ್ಯದಲ್ಲಿ, ಜಿಲ್ಲಾ ಕೇಂದ್ರವೊಂದರ ರೋಗಿಗಳ ಹಾಸಿಗೆಯವರೆಗೆ ಅದು ತಲುಪದೆ ಹೋದದ್ದು ಸಂಗ್ರಹ, ಸಾಗಣೆ, ಸಮನ್ವಯಗಳ ಸೋಲು.

ಈ ಸೋಲು ಒಂದು ರಾತ್ರಿಯಲ್ಲಿ ಹುಟ್ಟಿದ್ದಲ್ಲ. ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಬೇಕೆಂಬುದು ದೇಶದ ಮಾನದಂಡ. ಕಟ್ಟಡವಿದ್ದರೂ ವೈದ್ಯರಿಲ್ಲದ, ವೈದ್ಯರಿದ್ದರೂ ಶುಶ್ರೂಷಕಿಯರಿಲ್ಲದ ಕೇಂದ್ರಗಳು ಹಳ್ಳಿಗರಿಗೆ ಹೊಸತಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿ, ಸರ್ಕಾರಗಳ ಆರೋಗ್ಯ ವೆಚ್ಚವನ್ನು 2025ರೊಳಗೆ ಒಟ್ಟು ದೇಶೀಯ ಉತ್ಪನ್ನದ ಶೇ. 2.5ಕ್ಕೆ ಏರಿಸುವ ಗುರಿಯಿಟ್ಟಿತ್ತು. ಸಾಂಕ್ರಾಮಿಕವು ಬಂದೆರಗಿದಾಗ ನಾವು ಆ ಗುರಿಯಿಂದ ಬಹು ದೂರದಲ್ಲಿದ್ದೆವು.

ಇಂಥ ವ್ಯವಸ್ಥೆಯ ಭಾರವನ್ನು ಹೊತ್ತವರು ಯಾರು? ಮನೆಮನೆಗೆ ಹೋಗಿ ಜ್ವರ ವಿಚಾರಿಸಿದ ಆಶಾ ಕಾರ್ಯಕರ್ತೆಯರು. ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು 2020ರ ಜುಲೈ 10ರಿಂದ ಮುಷ್ಕರ ಹೂಡಿ, ತಿಂಗಳಿಗೆ 12,000 ರೂಪಾಯಿ ಖಚಿತ ಗೌರವಧನ ಮತ್ತು ರಕ್ಷಣಾ ಸಾಮಗ್ರಿ ಕೇಳಿದರು. ಚಪ್ಪಾಳೆ ತಟ್ಟಿ ಗೌರವಿಸಿದ ಸಮಾಜ, ಅವರ ಬೇಡಿಕೆಯನ್ನು ಕಿವಿಗೊಟ್ಟು ಕೇಳಲು ತಡಮಾಡಿತು. ಹತಾಶರಾದ ಜನ ಕೆಲವೆಡೆ ಇಂಥ ಕಾರ್ಯಕರ್ತೆಯರ ಮೇಲೆಯೇ ಕೈಮಾಡಿದ್ದು ನಮ್ಮ ಸಂಸ್ಕೃತಿಗೆ ಅಂಟಿದ ಕಳಂಕ. ಕಾಯಕದಲ್ಲಿ ಮೇಲು-ಕೀಳಿಲ್ಲವೆಂದು ನಂಬಿದವರು, ಆ ಕಾಯಕಕ್ಕೆ ತಕ್ಕ ಪ್ರತಿಫಲ ಸಲ್ಲಬೇಕೆಂದೂ ಕೇಳಬೇಕಲ್ಲವೇ?

ಬೇಕೆಂದಾಗ ಇಲ್ಲ, ಬೇಡವೆಂದಾಗ ಕಡ್ಡಾಯ

ಲಸಿಕಾ ಅಭಿಯಾನ 2021ರ ಜನವರಿ 16ರಂದು ಆರಂಭವಾಯಿತು. ಮೇ ತಿಂಗಳಿಂದ 18 ವರ್ಷ ದಾಟಿದ ಎಲ್ಲರಿಗೂ ಲಸಿಕೆಯೆಂದು ಪ್ರಕಟವಾಯಿತು. ಆದರೆ ದಾಸ್ತಾನು ಸಾಲದೆ, ಅದೇ ಮೇ ಮಧ್ಯಭಾಗದಲ್ಲಿ ಕರ್ನಾಟಕವು 18ರಿಂದ 44 ವರ್ಷದವರ ಲಸಿಕಾಕರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಕೋವಿಶೀಲ್ಡ್‌ನ ಎರಡು ಡೋಸುಗಳ ಅಂತರವು ಮೊದಲು ನಾಲ್ಕರಿಂದ ಆರು ವಾರ, ಮಾರ್ಚ್‌ನಲ್ಲಿ ಆರರಿಂದ ಎಂಟು ವಾರ, ಮೇ ತಿಂಗಳಲ್ಲಿ ಹನ್ನೆರಡರಿಂದ ಹದಿನಾರು ವಾರ ಎಂದು ಬದಲಾಯಿತು. ಅಂತರ ಹೆಚ್ಚಿದರೆ ರೋಗನಿರೋಧಕ ಶಕ್ತಿ ಚೆನ್ನಾಗಿ ಬೆಳೆಯುತ್ತದೆಂಬುದಕ್ಕೆ ಅಧ್ಯಯನಗಳ ಆಧಾರವಿತ್ತು. ಆದರೆ ಲಸಿಕೆ ಸಿಗದ ಹೊತ್ತಿನಲ್ಲಿಯೇ ಅಂತರ ಹೆಚ್ಚಿದ್ದರಿಂದ, ಇದು ಕೊರತೆಯನ್ನು ಮುಚ್ಚುವ ಉಪಾಯವೆಂದು ಜನ ಭಾವಿಸಿದರು. ಕಾರಣವನ್ನು ಸಕಾಲದಲ್ಲಿ ತಿಳಿಸದ ಆದೇಶ, ಸರಿಯಾಗಿದ್ದರೂ ಸಂಶಯಕ್ಕೆ ಎಡೆಮಾಡುತ್ತದೆ.

ವರ್ಷಾಂತ್ಯಕ್ಕೆ ಪರಿಸ್ಥಿತಿ ತಿರುಗಿತು. ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಕರ್ನಾಟಕದಲ್ಲಿಯೇ ಪತ್ತೆಯಾದವು. ಎರಡೂ ಡೋಸು ಪಡೆದವರಿಗಷ್ಟೇ ಮಾಲ್ ಮತ್ತು ಚಿತ್ರಮಂದಿರಗಳಿಗೆ ಪ್ರವೇಶವೆಂದೂ, ಶಾಲಾ ಮಕ್ಕಳ ಪಾಲಕರು ಎರಡು ಡೋಸು ಪಡೆದಿರಬೇಕೆಂದೂ ಸರ್ಕಾರ ಆದೇಶಿಸಿತು. ಪಾಲಕರ ನಿರ್ಧಾರಕ್ಕೆ ಮಗುವಿನ ಕಲಿಕೆಯನ್ನು ಗಂಟುಹಾಕುವುದು ಸರಿಯೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2022ರ ಮೇ 2ರಂದು ತೂಕದ ಉತ್ತರ ನೀಡಿತು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ. ದೇಹದ ಮೇಲಿನ ಹಕ್ಕು ಸಂವಿಧಾನದ 21ನೆಯ ವಿಧಿಯಲ್ಲಿ ಅಡಕವಾಗಿದೆ. ಆದರೆ ಸಮುದಾಯದ ಆರೋಗ್ಯಕ್ಕಾಗಿ ಸರ್ಕಾರವು ಪರಿಸ್ಥಿತಿಗೆ ತಕ್ಕಷ್ಟು ನಿರ್ಬಂಧ ವಿಧಿಸಬಹುದು. ಸೋಂಕು ಕಡಿಮೆಯಿದ್ದ ಆ ಸಮಯದಲ್ಲಿ ಲಸಿಕೆ ಪಡೆಯದವರ ಮೇಲಿನ ನಿರ್ಬಂಧಗಳು ಸೂಕ್ತ ಪ್ರಮಾಣದಲ್ಲಿಲ್ಲ ಎಂದ ನ್ಯಾಯಾಲಯ, ಲಸಿಕಾ ನೀತಿಯನ್ನು ಅವಿವೇಕದ್ದೆಂದು ಕರೆಯಲಿಲ್ಲ. ಅಡ್ಡಪರಿಣಾಮಗಳ ಮಾಹಿತಿಯನ್ನು ಬಹಿರಂಗಗೊಳಿಸಲು ಸೂಚಿಸಿತು. ವ್ಯಕ್ತಿಯ ಘನತೆ, ಸಮುದಾಯದ ಹಿತ ಎರಡನ್ನೂ ಕಾಯುವ ತೀರ್ಪಿದು.

ಹಳೆಯ ಪ್ಲೇಗಿನ ಪಾಠ

ನಮ್ಮ ಹಿರಿಯರು ಇಂಥದೇ ಪರೀಕ್ಷೆಯನ್ನು ಹಿಂದೆಯೂ ಎದುರಿಸಿದ್ದರು. 2020ರಲ್ಲಿ ಬಳಕೆಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆ ಹುಟ್ಟಿದ್ದು 1897ರಲ್ಲಿ, ಪ್ಲೇಗಿನ ಕಾಲದಲ್ಲಿ. ಪುಣೆಯಲ್ಲಿ ಸೈನಿಕರು ಮನೆಗಳಿಗೆ ನುಗ್ಗಿ ಶೋಧಿಸಿದ ರೀತಿ ಜನರನ್ನು ಕೆರಳಿಸಿತು. ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಚಾಪೇಕರ್ ಸಹೋದರರು ಆ ವರ್ಷ ಜೂನ್ 22ರಂದು ಗುಂಡಿಕ್ಕಿದರು. ಅದೇ ವರ್ಷದ ಜನವರಿ 10ರಂದು ಮುಂಬಯಿಯಲ್ಲಿ ವಿಜ್ಞಾನಿ ಹಾಫ್‌ಕಿನ್, ತಾನು ತಯಾರಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತನ್ನ ದೇಹಕ್ಕೇ ಚುಚ್ಚಿಸಿಕೊಂಡಿದ್ದ. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಸಾವಿರಾರು ಜನ ಆ ಲಸಿಕೆಯನ್ನು ಪಡೆದರು.

1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಅದೇ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ ಹುದ್ದೆ ಕಳೆದುಕೊಂಡ. ಒಂದೇ ಸೀಸೆಯ ಲಸಿಕೆ ಕಲುಷಿತವಾಗಿತ್ತೆಂದೂ, ಸ್ಥಳದಲ್ಲಿ ಸೀಸೆ ತೆರೆಯುವಾಗ ಇಕ್ಕುಳ ನೆಲಕ್ಕೆ ಬಿದ್ದಿತ್ತೆಂದೂ ಬಳಿಕ ಬೆಳಕಿಗೆ ಬಂತು. 1907ರಲ್ಲಿ ಆತ ನಿರ್ದೋಷಿಯೆನಿಸಿದ. ಲಸಿಕೆ ಎಷ್ಟೇ ಉತ್ತಮವಾಗಿರಲಿ, ಅದನ್ನು ನೀಡುವ ಕೈ ಶುದ್ಧವಾಗಿರಬೇಕು. ಅನಾಹುತವಾದರೆ ಮುಚ್ಚಿಡದೆ, ಆತುರದ ತೀರ್ಪನ್ನೂ ಕೊಡದೆ ತನಿಖೆ ನಡೆಸಬೇಕು ಎಂಬುದನ್ನು ಈ ಪ್ರಸಂಗ ತಿಳಿಸುತ್ತದೆ.

ಹೃದಯಾಘಾತದ ಭೀತಿ

ಈ ವಿವೇಕ ಇಂದಿಗೂ ಬೇಕು. 2025ರ ಜೂನ್–ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹರಡಿದಾಗ, ಕೋವಿಡ್ ಲಸಿಕೆಯೇ ಕಾರಣವೆಂಬ ಮಾತು ಬಲವಾಯಿತು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯು ಲಸಿಕೆಗೂ ಹಠಾತ್ ಹೃದಯ ಸಾವುಗಳಿಗೂ ನಂಟು ಕಂಡುಬಂದಿಲ್ಲವೆಂದು ವರದಿ ಮಾಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 47 ಆಸ್ಪತ್ರೆಗಳಲ್ಲಿ, 18ರಿಂದ 45 ವರ್ಷದವರ ಹಠಾತ್ ಸಾವುಗಳ ಬಗ್ಗೆ ನಡೆಸಿದ ಅಧ್ಯಯನದಲ್ಲಿ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. ಹಿಂದೆ ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ, ಧೂಮಪಾನ, ಅತಿಯಾದ ಮದ್ಯಪಾನ, ಒಮ್ಮೆಲೇ ಮಾಡಿದ ತೀವ್ರ ದೈಹಿಕ ಶ್ರಮ ಇವು ಅಪಾಯವನ್ನು ಹೆಚ್ಚಿಸಿದ್ದವು.

ಹಾಗೆಂದು ಲಸಿಕೆಗೆ ಅಡ್ಡಪರಿಣಾಮವೇ ಇಲ್ಲವೆನ್ನುವುದು ಸತ್ಯವಲ್ಲ. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ರಕ್ತ ಹೆಪ್ಪುಗಟ್ಟಿ ಕಿರುಬಿಲ್ಲೆಗಳು ಕುಸಿಯುವ ಸ್ಥಿತಿ ಅತ್ಯಂತ ವಿರಳವಾಗಿ ಉಂಟಾಗಬಹುದು. ಅದು ಸಾಮಾನ್ಯವಾಗಿ ಡೋಸು ಪಡೆದ ಕೆಲವು ವಾರಗಳೊಳಗೆ ಕಾಣಿಸಿಕೊಳ್ಳುತ್ತದೆ. ವರ್ಷಗಳ ಹಿಂದೆ ಲಸಿಕೆ ಪಡೆದವರು ಇಂದು ಈ ಕಾರಣಕ್ಕೆ ಹೆದರಬೇಕಿಲ್ಲ. ನಷ್ಟ ಅನುಭವಿಸಿದ ವಿರಳ ಕುಟುಂಬಗಳ ನೋವನ್ನು ಹುಸಿಯೆಂದು ತಳ್ಳಿಹಾಕುವುದೂ ಧರ್ಮವಲ್ಲ. ಸತ್ಯವನ್ನು ಪೂರ್ತಿಯಾಗಿ ಹೇಳಿದಾಗಲೇ ನಂಬಿಕೆ ಹುಟ್ಟುತ್ತದೆ.

ಭಕ್ತರ ಹೊಣೆ

ಲಾಕ್‌ಡೌನಿನ ಮೇಲಿನ ಸಿಟ್ಟು ಮಕ್ಕಳ ಲಸಿಕೆಯ ಮೇಲೆ ತಿರುಗಬಾರದು. 2021ರಲ್ಲಿ ಜಗತ್ತಿನಾದ್ಯಂತ ಸುಮಾರು 2.5 ಕೋಟಿ ಮಕ್ಕಳಿಗೆ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆಯ ಒಂದಾದರೂ ಡೋಸು ತಪ್ಪಿಹೋಯಿತು. ನಿಮ್ಮ ಮನೆಯ ಮಕ್ಕಳ ತಾಯಿ ಕಾರ್ಡನ್ನು ಒಮ್ಮೆ ತೆರೆದು ನೋಡಿ. ತಪ್ಪಿದ ಡೋಸಿದ್ದರೆ ಅಂಗನವಾಡಿ ಅಥವಾ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಲಸಿಕೆಯ ಬಳಿಕ ಅರ್ಧ ಗಂಟೆ ಅಲ್ಲಿಯೇ ಕುಳಿತಿರಿ; ತೊಂದರೆ ಕಂಡರೆ ಬರವಣಿಗೆಯಲ್ಲಿ ದಾಖಲಿಸುವಂತೆ ಕೇಳಿ. ನಲವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿಕೊಳ್ಳಿ. ಎದೆ ಬಿಗಿತ, ತೋಳಿಗೆ ಹರಡುವ ನೋವು, ತಣ್ಣನೆಯ ಬೆವರು ಕಂಡರೆ ವಾಯುವೆಂದು ಕಾಯದೆ 108ಕ್ಕೆ ಕರೆಮಾಡಿ.

ಸಿಟ್ಟಿಗೊಂದು ಸಾರ್ಥಕವಾದ ದಾರಿಯೂ ಇದೆ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿಯಿದೆ. ಹಳ್ಳಿಗೊಂದು ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆಯ ಸಮಿತಿಯಿದೆ. ಅದರ ಸಭೆ ಯಾವಾಗ ನಡೆಯಿತು, ವೈದ್ಯರ ಹುದ್ದೆ ಎಷ್ಟು ದಿನದಿಂದ ಖಾಲಿಯಿದೆ, ಆಮ್ಲಜನಕದ ಸಿಲಿಂಡರು ತುಂಬಿದೆಯೇ, ಆಶಾ ಕಾರ್ಯಕರ್ತೆಗೆ ಗೌರವಧನ ತಲುಪಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿರಿ. ಈ ಪ್ರಶ್ನೆಗಳನ್ನು ರೋಗವಿಲ್ಲದ ಕಾಲದಲ್ಲಿ ಕೇಳಿದರೆ, ರೋಗ ಬಂದ ಕಾಲದಲ್ಲಿ ಕಣ್ಣೀರಿಡುವುದು ಕಡಿಮೆಯಾದೀತು. ಹಸಿದವನಿಗೆ ಅನ್ನ ನೀಡುವುದು ದಾಸೋಹವಾದಂತೆ, ಊರಿನ ಆಸ್ಪತ್ರೆಯನ್ನು ಜೀವಂತವಾಗಿ ಇರಿಸಿಕೊಳ್ಳುವುದೂ ದಾಸೋಹವೇ.

ಸರ್ವರಿಗೂ ಆರೋಗ್ಯ ಲಭಿಸಲಿ.