ಪರಿಮಳವೂ ಮದ್ದೂ

ಕೊಡಗಿನ ಬೆಟ್ಟಗಳ ಮೇಲೆ ಮಳೆ ಎಡೆಬಿಡದೆ ಸುರಿಯುವ ಮಾಸವನ್ನು ಕೊಡವರು ‘ಕಕ್ಕಡ’ ಎಂದು ಕರೆಯುತ್ತಾರೆ. ಈ ಮಾಸದ ಹದಿನೆಂಟನೆಯ ದಿನ, ಎಂದರೆ ಸಾಮಾನ್ಯವಾಗಿ ಆಗಸ್ಟ್ 3ರಂದು, ಅಲ್ಲಿನ ಮನೆಗಳಲ್ಲಿ ‘ಮದ್ದು ಸೊಪ್ಪಿ’ನ ಪಾಯಸ ಸಿದ್ಧವಾಗುತ್ತದೆ. ಸಸ್ಯಶಾಸ್ತ್ರಜ್ಞರು ಈ ಗಿಡಕ್ಕೆ ಜಸ್ಟೀಷಿಯಾ ವೈನಾಡೆನ್ಸಿಸ್ ಎಂದು ಹೆಸರಿಟ್ಟಿದ್ದಾರೆ. ಸೊಪ್ಪನ್ನು ಕುದಿಸಿದಾಗ ನೀರು ಕಡುನೇರಳೆ ಬಣ್ಣ ತಾಳುತ್ತದೆ. ವಿಶಿಷ್ಟವಾದ ಪರಿಮಳ ಮನೆಯನ್ನೆಲ್ಲ ತುಂಬುತ್ತದೆ. ಅಂದು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಗುಣಗಳು ಕೂಡಿರುತ್ತವೆ ಎಂಬುದು ಹಿರಿಯರ ನಂಬಿಕೆ.

ಪರಿಮಳಕ್ಕೂ ಮದ್ದಿಗೂ ಇರುವ ಈ ನಂಟು ಎಷ್ಟು ದೃಢವಾದುದು? ವಿಜ್ಞಾನದ ಬೆಳಕಿನಲ್ಲಿ ನೋಡೋಣ.

ಕೊಡಗಿನ ಕಾಡಿನ ನೆರಳಿನಲ್ಲಿ ಬೆಳೆಯುವ ಏಲಕ್ಕಿಯ ಬೀಜವನ್ನು ಜಜ್ಜಿದೊಡನೆ ಪರಿಮಳ ಹೊಮ್ಮುತ್ತದೆ. ಬೀಜದಲ್ಲಡಗಿರುವ ಸುಗಂಧತೈಲವೇ ಇದಕ್ಕೆ ಕಾರಣ. ಕಡಲೆಕಾಯಿ ಎಣ್ಣೆಯ ಒಂದು ಹನಿಯನ್ನು ಕಾಗದದ ಮೇಲೆ ಹಾಕಿದರೆ ಕಲೆ ಉಳಿಯುತ್ತದೆ; ಸುಗಂಧತೈಲದ ಹನಿಯಾದರೋ ಬಹುಮಟ್ಟಿಗೆ ಆವಿಯಾಗಿ ಹೋಗುತ್ತದೆ. ಈ ಗುಣದಿಂದಾಗಿಯೇ ಅದನ್ನು ಬಟ್ಟಿ ಇಳಿಸಿ ಪಡೆಯಲು ಸಾಧ್ಯ. ಕುದಿಯುವ ನೀರಿನ ಹಬೆಯನ್ನು ಬೀಜ, ಎಲೆ ಅಥವಾ ಮರದ ಪುಡಿಯ ಮೂಲಕ ಹಾಯಿಸಿದಾಗ, ತೈಲವು ಹಬೆಯೊಡನೆ ಹೊರಡುತ್ತದೆ. ಅದನ್ನು ತಂಪುಗೊಳಿಸಿದರೆ ನೀರೂ ತೈಲವೂ ಬೇರೆಬೇರೆಯಾಗಿ ನಿಲ್ಲುತ್ತವೆ. ಮೈಸೂರಿನಲ್ಲಿ 1916ರಲ್ಲಿ ಪ್ರಾರಂಭವಾದ ಶ್ರೀಗಂಧದ ಎಣ್ಣೆಯ ಕಾರ್ಖಾನೆ ಈ ತತ್ತ್ವವನ್ನೇ ಆಧರಿಸಿತ್ತು. ಅದುವರೆಗೆ ನಮ್ಮ ಶ್ರೀಗಂಧವು ವಿದೇಶಗಳಿಗೆ ಹೋಗುತ್ತಿತ್ತು. ಮೊದಲನೆಯ ಮಹಾಯುದ್ಧ ಆ ವ್ಯಾಪಾರಕ್ಕೆ ತಡೆಯೊಡ್ಡಿತು.

ಇಂಥ ತೈಲಗಳಿಂದ ಮಾಡುವ ಉಪಚಾರಕ್ಕೆ ‘ಅರೋಮಾಥೆರಪಿ’ ಎಂಬ ಹೆಸರನ್ನು ಬಳಕೆಗೆ ತಂದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ ಮಾರಿಸ್ ಗಾಟ್‌ಫೊಸೆ. ಈ ಹೆಸರಿನ ಅವನ ಗ್ರಂಥ 1937ರಲ್ಲಿ ಪ್ರಕಟವಾಯಿತು. ತೈಲದ ಸೂಕ್ಷ್ಮ ಕಣಗಳು ಮೂಗಿನ ಮೇಲ್ಭಾಗದ ನರಗಳನ್ನು ತಟ್ಟುತ್ತವೆ. ಆ ಸಂದೇಶವು ನೆನಪು ಮತ್ತು ಭಾವನೆಗಳಿಗೆ ಸಂಬಂಧಿಸಿದ ಮೆದುಳಿನ ಭಾಗಗಳನ್ನೂ ಮುಟ್ಟುತ್ತದೆ. ಆದುದರಿಂದ ಕೆಲವು ಪರಿಮಳಗಳು ಮನಸ್ಸಿನ ಕಳವಳವನ್ನು ಸ್ವಲ್ಪಮಟ್ಟಿಗೆ ತಗ್ಗಿಸಬಲ್ಲವು.

ಆದರೆ ಪರಿಮಳದಿಂದ ಹಾಯೆನಿಸುವುದು ಬೇರೆ, ರೋಗ ವಾಸಿಯಾಗುವುದು ಬೇರೆ. ಮದ್ದು ಸೊಪ್ಪಿನ ಸಾರದಲ್ಲಿ ಉತ್ಕರ್ಷಣ ನಿರೋಧಕ ಗುಣವಿರುವುದನ್ನು ಪ್ರಯೋಗಶಾಲೆಯ ಪರೀಕ್ಷೆಗಳು ತೋರಿಸಿವೆ. ಪ್ರನಾಳದಲ್ಲಿ ಕಂಡ ಗುಣವೆಲ್ಲ ರೋಗಿಯ ದೇಹದಲ್ಲಿಯೂ ಫಲಿಸುವುದೆಂದು ಹೇಳಲಾಗದು. ಕ್ಷಯಕ್ಕಾಗಲಿ, ನ್ಯುಮೋನಿಯಾಕ್ಕಾಗಲಿ ಸುಗಂಧತೈಲ ಮದ್ದಲ್ಲ. ಉಬ್ಬಸವುಳ್ಳ ಕೆಲವರಿಗೆ ಕಟುವಾದ ಪರಿಮಳವೇ ಉಸಿರಿನ ತೊಂದರೆಯನ್ನು ಹೆಚ್ಚಿಸಬಹುದು.

ಸಸ್ಯದಿಂದ ಬಂದುದೆಲ್ಲ ನಿರಪಾಯಕರವೆಂಬುದು ತಪ್ಪು ತಿಳಿವಳಿಕೆ. ನೆಗಡಿಗೆ ಬಳಸುವ ನೀಲಗಿರಿ ತೈಲವು ಮಗುವಿನ ಹೊಟ್ಟೆಗೆ ಸ್ವಲ್ಪ ಹೋದರೂ ಸೆಳವು, ಪ್ರಜ್ಞಾಹೀನತೆ ಉಂಟಾಗಬಹುದು, ಕರ್ಪೂರವೂ ಹಾಗೆಯೇ. ಬೆರಸದೆ ಹಚ್ಚಿದ ತೈಲ ಚರ್ಮವನ್ನು ಸುಡಬಹುದು. ಇಂಥ ಸೀಸೆಗಳನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಆಕಸ್ಮಿಕವಾಗಿ ಕುಡಿದರೆ ವಾಂತಿ ಮಾಡಿಸಲು ಯತ್ನಿಸದೆ, ಸೀಸೆಯೊಡನೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಆದುದರಿಂದಲೇ ಸುಗಂಧೋಪಚಾರವನ್ನು ಪೂರಕ ಚಿಕಿತ್ಸೆಯೆನ್ನುತ್ತಾರೆ. ಅದು ವೈದ್ಯನ ಔಷಧಿಯ ಜೊತೆಗೆ ನಿಲ್ಲಬಹುದು. ಅದರ ಸ್ಥಾನದಲ್ಲಿ ನಿಲ್ಲಲಾರದು. ಹಿರಿಯರು ಕಾಡಿನ ಸೊಪ್ಪನ್ನು ಗುರುತಿಸಿ ಉಳಿಸಿಕೊಟ್ಟ ಅರಿವನ್ನು ಗೌರವಿಸೋಣ. ಅದನ್ನು ಪರೀಕ್ಷಿಸಿ ನೋಡುವ ವಿವೇಕವನ್ನೂ ಬೆಳೆಸಿಕೊಳ್ಳೋಣ.