ಗುರಿ ತಪ್ಪಬೇಕಾದ ಗುಂಡು

ವಿಡಿಯೊ ಗೇಮ್ ಬರೆಯಲು ಕೂತವರಿಗೆ ಬಹು ಬೇಗ ಎದುರಾಗುವ ತೊಡಕು ಗುಂಡಿನದು. ಪರದೆಯ ಮೇಲೊಂದು ಬುರುಜು ಇದೆ ಎನ್ನಿ. ಅದರ ನೇರ ಮೇಲಕ್ಕೆ 400 ಪಿಕ್ಸೆಲ್ ದೂರದಲ್ಲಿ ಒಬ್ಬ ಶತ್ರು, ಸೆಕೆಂಡಿಗೆ 150 ಪಿಕ್ಸೆಲ್ ವೇಗದಲ್ಲಿ ಬಲಕ್ಕೆ ಓಡುತ್ತಿದ್ದಾನೆ. ಗುಂಡಿನ ವೇಗ ಸೆಕೆಂಡಿಗೆ 250 ಪಿಕ್ಸೆಲ್. ಶತ್ರು ಈಗ ಇರುವ ಜಾಗಕ್ಕೇ ಗುರಿಯಿಟ್ಟರೆ ಗುಂಡು ಅಲ್ಲಿ ಮುಟ್ಟಲು 1.6 ಸೆಕೆಂಡ್ ಬೇಕು; ಅಷ್ಟರಲ್ಲಿ ಅವನು 240 ಪಿಕ್ಸೆಲ್ ಆಚೆ ಹೋಗಿರುತ್ತಾನೆ. ಹಾಗಾದರೆ ಮುಂದಕ್ಕೆ ಹೊಡೆಯಬೇಕು. ಎಷ್ಟು ಮುಂದಕ್ಕೆ? ಅದು ಗುಂಡು ತಗುಲಲು ಹಿಡಿಯುವ ಕಾಲದ ಮೇಲೆ ನಿಂತಿದೆ, ಆ ಕಾಲವೋ ಎಷ್ಟು ಮುಂದಕ್ಕೆ ಹೊಡೆಯುತ್ತೇವೆ ಎಂಬುದರ ಮೇಲೆ ನಿಂತಿದೆ. ಈ ಸುತ್ತನ್ನು ಪೈಥಾಗೊರಸ್ ಪ್ರಮೇಯ ಬಿಡಿಸುತ್ತದೆ. ಕಾಲ t ಆದರೆ, 400ರ ವರ್ಗಕ್ಕೆ 150tಯ ವರ್ಗ ಕೂಡಿಸಿದಾಗ 250tಯ ವರ್ಗ ಸಿಗಬೇಕು. ಉತ್ತರ 2 ಸೆಕೆಂಡ್; ಶತ್ರುವಿನ 300 ಪಿಕ್ಸೆಲ್ ಮುಂದಕ್ಕೆ ಹೊಡೆದರೆ ಗುಂಡು 500 ಪಿಕ್ಸೆಲ್ ಸಾಗಿ ಅವನಿಗೆ ತಗುಲುತ್ತದೆ. ಶತ್ರು ಓರೆಯಾಗಿ ಓಡಿದರೆ ಸಮೀಕರಣಕ್ಕೆ ಇನ್ನೊಂದು ಪದ ಸೇರುತ್ತದೆ, ಅಷ್ಟೆ. ಅಂದರೆ ನಿಖರವಾಗಿ ಹೊಡೆಯುವುದು ಹತ್ತನೇ ತರಗತಿಯ ವರ್ಗ ಸಮೀಕರಣ. ಆಟದ ಗುಣ ನಿರ್ಧಾರವಾಗುವುದು ಮುಂದಿನ ಹೆಜ್ಜೆಯಲ್ಲಿ, ಗುಂಡು ಎಲ್ಲಿ ಎಷ್ಟು ತಪ್ಪಬೇಕು ಎಂದು ತೀರ್ಮಾನಿಸುವಲ್ಲಿ, ಎಂಬುದು ನನ್ನ ವಾದ.

ಇಷ್ಟೆಲ್ಲ ಲೆಕ್ಕ ಯಾಕೆ, ಗುಂಡನ್ನು ಪ್ರತಿ ಫ್ರೇಮಿನಲ್ಲೂ ಶತ್ರುವಿನ ಕಡೆಗೆ ತಿರುಗಿಸುತ್ತ ಹೋದರಾಯಿತಲ್ಲ ಎಂದು ಕೇಳುವವರಿದ್ದಾರೆ. ಇದಕ್ಕೆ ಒಳ್ಳೆಯ ಉತ್ತರ ಭಾಸ್ಕರಾಚಾರ್ಯರ 'ಲೀಲಾವತಿ'ಯಲ್ಲಿದೆ. 1150ರ ಸುಮಾರಿನ ಆ ಗ್ರಂಥದ ಒಂದು ಲೆಕ್ಕದಲ್ಲಿ 9 ಮೊಳ ಎತ್ತರದ ಕಂಬದ ಮೇಲೆ ನವಿಲು ಕೂತಿದೆ, ಕಂಬದ ಬುಡದಲ್ಲಿ ಹಾವಿನ ಬಿಲವಿದೆ. 27 ಮೊಳ ದೂರದಿಂದ ಹಾವು ಬಿಲದತ್ತ ಬರುತ್ತಿದೆ, ನವಿಲು ಅದರ ಮೇಲೆ ಓರೆಯಾಗಿ ಎರಗುತ್ತದೆ, ಎರಡರ ವೇಗವೂ ಒಂದೇ. ಎಲ್ಲಿ ಸೇರುತ್ತವೆ? ಬಿಲದಿಂದ 12 ಮೊಳ ದೂರದಲ್ಲಿ. ಎರಡೂ 15 ಮೊಳ ಸಾಗಿರುತ್ತವೆ. ನವಿಲು ಹಾವಿನತ್ತ ನೋಡಿ ಹಾರದೆ ಹಾವು ಬರಲಿರುವ ಜಾಗ ನೋಡಿ ಹಾರಿದ್ದರಿಂದ ಇದು ಸಾಧ್ಯವಾಯಿತು. ಕ್ಷಣಕ್ಷಣಕ್ಕೂ ಹಾವಿನತ್ತಲೇ ತಿರುಗುತ್ತ ಅದೇ ವೇಗದಲ್ಲಿ ಹಾರಿದ್ದರೆ ನವಿಲಿನ ದಾರಿ ಬಾಗಿ ಬಾಗಿ ಹಾವಿನ ಬೆನ್ನ ಹಿಂದೆ ಬೀಳುತ್ತಿತ್ತು, ಅಂತರ ಕುಗ್ಗುತ್ತಿತ್ತೇ ಹೊರತು ಹಾವು ಸಿಗುತ್ತಿರಲಿಲ್ಲ. ಬೆನ್ನಟ್ಟುವ ಗುಂಡಿಗೆ ಶತ್ರುವಿಗಿಂತ ಹೆಚ್ಚಿನ ವೇಗ ಬೇಕೇ ಬೇಕು, ಆಗಲೂ ಅದು ಸುತ್ತುದಾರಿ ಹಿಡಿಯುತ್ತದೆ. ಪ್ರೋಗ್ರಾಂ ಬರೆಯುವವರಿಗೆ ಈ ಲೆಕ್ಕದಲ್ಲಿ ಇನ್ನೂ ಒಂದು ಪಾಠವಿದೆ. ವೇಗಗಳು ಸಮವಾದಾಗ t ವರ್ಗದ ಗುಣಕ ಸೊನ್ನೆಯಾಗುತ್ತದೆ. ಪಠ್ಯಪುಸ್ತಕದ ಸೂತ್ರವನ್ನು ಹಾಗೇ ಬರೆದಿಟ್ಟ ಕೋಡ್ ಸೊನ್ನೆಯಿಂದ ಭಾಗಿಸಲು ಹೋಗಿ ಕೆಡುತ್ತದೆ. ಆ ಸಂದರ್ಭವನ್ನು ಬೇರೆಯಾಗಿಯೇ ಬಿಡಿಸಬೇಕು. ಶತ್ರು ಗುಂಡಿಗಿಂತ ವೇಗವಾಗಿ ದೂರ ಓಡುತ್ತಿದ್ದರೆ ವರ್ಗಮೂಲದೊಳಗೆ ಋಣಸಂಖ್ಯೆ ಬರುತ್ತದೆ, ಇಲ್ಲವೇ ಕಾಲವೇ ಋಣವಾಗುತ್ತದೆ. ಹೊಡೆದು ಪ್ರಯೋಜನವಿಲ್ಲ ಎಂದು ಗಣಿತ ಹೇಳುವ ಬಗೆ ಅದು, ಕೋಡ್ ಅದನ್ನು ಕೇಳಿಸಿಕೊಳ್ಳಬೇಕು.

ಈಗ 1993ರ 'ಡೂಮ್' ಆಟವನ್ನು ನೋಡಿ. ಅದರ ಮೂಲ ಕೋಡ್ 1997ರಲ್ಲಿ ಬಹಿರಂಗವಾದ್ದರಿಂದ ಊಹಿಸುವ ಅಗತ್ಯವಿಲ್ಲ. ಅಲ್ಲಿ ಇಂಪ್ ಎಂಬ ರಾಕ್ಷಸ ಬೆಂಕಿಯುಂಡೆ ಎಸೆಯುವುದು ಆಟಗಾರ ಆ ಕ್ಷಣ ಇರುವ ಜಾಗಕ್ಕೆ. ಅವನ ಓಟದ ವೇಗವನ್ನು ಕೋಡ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಟದ ಗಡಿಯಾರ ಸೆಕೆಂಡಿಗೆ 35 ಸಲ ಬಡಿಯುತ್ತದೆ, ಪ್ರತಿ ಬಡಿತಕ್ಕೆ ಉಂಡೆ 10 ಮಾನದಷ್ಟು ಸಾಗುತ್ತದೆ. ಓಡುವ ಆಟಗಾರ ಅದಕ್ಕಿಂತ ವೇಗಿ. ಹಾಗಾಗಿ ಉಂಡೆ ಬರುವುದನ್ನು ಕಂಡು ಪಕ್ಕಕ್ಕೆ ಸರಿದರೆ ಬಚಾವ್. ಅದೇ ಆಟದ ಬಂದೂಕುಧಾರಿಗಳ ಕತೆ ಬೇರೆ. ಅವರ ಗುಂಡು ಹಾರಿದ ಕ್ಷಣವೇ ತಗುಲುವಂಥದ್ದು, ಕಂಡು ತಪ್ಪಿಸಿಕೊಳ್ಳಲು ಸಮಯವೇ ಇಲ್ಲ. ಆದ್ದರಿಂದ ಅಲ್ಲಿ ಕೋಡ್ ತಾನೇ ಗುರಿಯನ್ನು ಕದಲಿಸುತ್ತದೆ: ಎಡಕ್ಕೋ ಬಲಕ್ಕೋ, ಗರಿಷ್ಠ ಸುಮಾರು 22 ಡಿಗ್ರಿವರೆಗೆ, ಪ್ರತಿ ಸಲ ಬೇರೆ ಬೇರೆ. ನಿಧಾನದ ಗುಂಡಿನಲ್ಲಿ ತಪ್ಪುವ ಅವಕಾಶ ಹಾರಾಟದಲ್ಲೇ ಇದೆ, ಕ್ಷಣದ ಗುಂಡಿನಲ್ಲಿ ಅದನ್ನು ಕೂಡಿಸಿ ಕೊಟ್ಟಿದ್ದಾರೆ. ನನ್ನ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಬೇರೆ ಕಾಣದು. ಆಗಿನ ಕಂಪ್ಯೂಟರ್‌ಗಳಿಗೆ ಶಕ್ತಿ ಸಾಲದೆ ಹೀಗೆ ಮಾಡಿರಬೇಕು ಎನ್ನುವ ಮಾತೂ ನಿಲ್ಲುವುದಿಲ್ಲ. ಒಂದು ಉಂಡೆಗೆ ಒಂದೇ ಸಮೀಕರಣ ಸಾಕು. ಅದಕ್ಕೂ 13 ವರ್ಷ ಮೊದಲು, ಎಷ್ಟೋ ದುರ್ಬಲ ಯಂತ್ರದ ಮೇಲೆ ಓಡುತ್ತಿದ್ದ 'ಪ್ಯಾಕ್‌ಮ್ಯಾನ್' ಆಟದಲ್ಲಿ ಪಿಂಕಿ ಎಂಬ ಗುಲಾಬಿ ಭೂತ ಆಟಗಾರ ಮುಖ ಮಾಡಿದ ದಿಕ್ಕಿಗೆ ನಾಲ್ಕು ಮನೆ ಮುಂದಕ್ಕೆ ಗುರಿಯಿಡುತ್ತಿತ್ತು, ಕೆಂಪು ಭೂತ ಬ್ಲಿಂಕಿ ಮಾತ್ರ ಅವನಿದ್ದ ಮನೆಗೇ ನುಗ್ಗುತ್ತಿತ್ತು. ಒಂದು ಬೆನ್ನಿಗೆ, ಇನ್ನೊಂದು ಎದುರಿಗೆ. ಆ ಆಟದ ಒತ್ತಡವೆಲ್ಲ ಈ ಜೋಡಿಯಿಂದ ಬಂದದ್ದು.

ಬೇಕೆಂದೇ ಗುರಿ ತಪ್ಪಿಸುವುದು ಆಟಗಾರನಿಗೆ ಮಾಡುವ ಮೋಸ ಎಂಬ ಆಕ್ಷೇಪಕ್ಕೆ ತೂಕವಿದೆ. ಆಟಗಾರನ ಜೀವ ಕಡಿಮೆಯಾದಾಗ ಗುಟ್ಟಾಗಿ ಗುಂಡುಗಳನ್ನು ಪಕ್ಕಕ್ಕೆ ಹಾರಿಸಿದರೆ ಅದು ಮೋಸವೇ. ಆದರೆ ಇಂಪ್‌ನ ನಿಯಮ ಆಟದುದ್ದಕ್ಕೂ ಒಂದೇ, ಆಡುತ್ತ ಆಡುತ್ತ ಯಾರಾದರೂ ಅದನ್ನು ಕಂಡುಕೊಳ್ಳಬಹುದು. ಕಲಿತು ಗೆಲ್ಲಬಹುದಾದ ನಿಯಮ ಮೋಸವಲ್ಲ. ನಿಖರ ಲೆಕ್ಕಕ್ಕೂ ಒಂದು ಮಿತಿಯಿದೆ: ಅದು ಗುರಿ ನೇರವಾಗಿ, ಒಂದೇ ವೇಗದಲ್ಲಿ ಸಾಗುತ್ತದೆಂದು ನಂಬುತ್ತದೆ. ಈ ಮಿತಿ ದಾಟಲು ಎರಡನೇ ಮಹಾಯುದ್ಧದಲ್ಲಿ ಗಣಿತಜ್ಞ ನಾರ್ಬರ್ಟ್ ವೀನರ್ ಮತ್ತು ಎಂಜಿನಿಯರ್ ಜೂಲಿಯನ್ ಬಿಗೆಲೋ, ಗುಂಡಿನಿಂದ ವಿಮಾನ ತಪ್ಪಿಸಿಕೊಳ್ಳುವ ದಾರಿಯನ್ನು ಅಂಕಿಅಂಶಗಳಿಂದ ಊಹಿಸುವ ಸಾಧನ ಕಟ್ಟಲು ಹೊರಟರು. ಆ ಸಾಧನ ರಣರಂಗಕ್ಕೆ ಹೋಗಲಿಲ್ಲ, ಆದರೆ ಆ ಕೆಲಸ ವೀನರ್‌ರನ್ನು 1948ರ 'ಸೈಬರ್ನೆಟಿಕ್ಸ್' ಗ್ರಂಥದತ್ತ ಒಯ್ದಿತು. ಆಟದಲ್ಲೂ ಎದುರಾಳಿ ಮನುಷ್ಯನಾದಾಗ ಎರಡು ಸೆಕೆಂಡ್ ದೀರ್ಘ ಕಾಲ. ಬುರುಜು ಮುಂದಕ್ಕೆ ಹೊಡೆಯುತ್ತದೆಂದು ತಿಳಿದವನು ಗುಂಡು ಹೊರಟ ಕೂಡಲೇ ಹಿಂದಕ್ಕೆ ತಿರುಗುತ್ತಾನೆ.

ಹಾಗೆಂದು ಲೆಕ್ಕವನ್ನೇ ಬಿಟ್ಟು ಮನಬಂದಂತೆ ಗುಂಡು ಹಾರಿಸಿದರೆ ತಪ್ಪಿನ ಅಳತೆ ಕೈಗೆ ಸಿಗದು. ಆಟ ಬರೆಯುವ ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ ಇಷ್ಟು: ಮೊದಲು ಪೂರ್ತಿ ಸಮೀಕರಣ ಬರೆಯಿರಿ, ಸೊನ್ನೆ ಮತ್ತು ಋಣದ ಸಂದರ್ಭಗಳನ್ನು ಸಂಭಾಳಿಸಿ. ಆಮೇಲೆ ಸಿಕ್ಕ ಮುನ್ನಡೆಯನ್ನು, ಅಂದರೆ ಎಷ್ಟು ಮುಂದಕ್ಕೆ ಹೊಡೆಯಬೇಕೆಂಬ ದೂರವನ್ನು, 0ರಿಂದ 1ರ ನಡುವಿನ ಒಂದು ಸಂಖ್ಯೆಯಿಂದ ಗುಣಿಸಿ. 0 ಇಟ್ಟರೆ ಇಂಪ್, 1 ಇಟ್ಟರೆ ನವಿಲು. ನಡುವಿನ ಸಂಖ್ಯೆಯನ್ನು ನೀವೇ ಆಡಿ ಗೊತ್ತು ಮಾಡಬೇಡಿ. ಆಟವನ್ನು ಎಂದೂ ನೋಡದವರ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ನೋಡಿ.